ವೃದ್ಧರ ಮೂತ್ರಬಾಧೆಯೂ ಮೂಲಿಕೆಗಳೂ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇಕೆಂದು ಕೆಲವರು ಕೇಳಬಹುದು. ಲಜ್ಜೆಯಿಂದ ಮುಚ್ಚಿಟ್ಟ ವ್ಯಾಧಿಯು ಮನೆಯೊಳಗೇ ಬೆಳೆಯುವುದಾದುದರಿಂದ, ಮನೆಯವರು ಅದನ್ನು ಅರಿತಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಪುರುಷರ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು, ಪ್ರಾಸ್ಟೇಟ್ ಎಂಬ ಗ್ರಂಥಿಯುಂಟು. ಯೌವನದಲ್ಲಿ ಅದು ಅಕ್ರೋಟಿನಷ್ಟು ಗಾತ್ರದ್ದು. ಐವತ್ತು ಕಳೆದ ಮೇಲೆ ಅನೇಕರಲ್ಲಿ ಅದು ಹಿಗ್ಗಿ ನಾಳವನ್ನು ಅದುಮುವುದು. ಆಗ ರಾತ್ರಿ ಮೇಲಿಂದ ಮೇಲೆ ಏಳಬೇಕಾಗುವುದು, ಧಾರೆ ಸಣ್ಣದಾಗುವುದು, ಮೂತ್ರವು ಪೂರ್ತಿ ಹೋಗಲಿಲ್ಲವೆಂಬ ಭಾವನೆ ಉಳಿಯುವುದು.

ಈ ಬಾಧೆ ಹೊಸತಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಹನ್ನೆರಡು ಬಗೆಯ ಮೂತ್ರಾಘಾತಗಳನ್ನು ಎಣಿಸಿ, ಅವುಗಳಲ್ಲಿ ವಾತಾಷ್ಠೀಲೆಯೆಂಬುದನ್ನು ಹೇಳಿದೆ. ಗುದಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾದ ಗ್ರಂಥಿಯೆದ್ದು ಮೂತ್ರವನ್ನು ತಡೆಯುವುದೆಂಬ ಆ ವರ್ಣನೆಯನ್ನು ಇಂದಿನ ವೈದ್ಯರು ಈ ವ್ಯಾಧಿಯೊಡನೆ ಹೋಲಿಸುವುದುಂಟು.

ಮೂಲಿಕೆಗಳಲ್ಲಿ ಗೋಕ್ಷುರವು ಪ್ರಸಿದ್ಧವಾದುದು. ಹೊಲದಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳೇ ಅದು. ಚರಕಸಂಹಿತೆಯು ಮೂತ್ರವನ್ನು ಹೊರಡಿಸುವ ಹತ್ತು ದ್ರವ್ಯಗಳಲ್ಲಿ ಇದನ್ನು ಶ್ವದಂಷ್ಟ್ರಾ ಎಂಬ ಹೆಸರಿನಿಂದ ಎಣಿಸಿದೆ. ಆದರೆ ವಾಚಕರು ಒಂದನ್ನು ವಿವೇಚಿಸತಕ್ಕುದು: ಕೆರೆಗೆ ನೀರು ತುಂಬಿಸುವುದು ಬೇರೆ, ತೂಬನ್ನು ತೆರೆಯುವುದು ಬೇರೆ. ದಾರಿ ಕಟ್ಟಿರುವವನಿಗೆ ಮೂತ್ರವನ್ನು ಹೆಚ್ಚಿಸುವ ಕಷಾಯವನ್ನು ತಾನಾಗಿಯೇ ಕುಡಿಸಿದರೆ ಸಂಕಟವೇ ಹೆಚ್ಚೀತು.

ಪರದೇಶದ ಮೂಲಿಕೆಗಳ ಸ್ಥಿತಿಯೂ ವಿಚಾರಾರ್ಹವಾದುದೇ. ಅಮೆರಿಕದ ಸಾ ಪಾಲ್ಮೆಟೊ ಎಂಬ ಕುಳ್ಳ ತಾಳೆಯ ಹಣ್ಣಿನ ಸಾರವು ಈ ಬಾಧೆಗೆ ಲೋಕವಿಖ್ಯಾತ. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 225 ಮಂದಿಗೆ ಒಂದು ವರ್ಷ ಆ ಸಾರವನ್ನೋ ಹುಸಿಮಾತ್ರೆಯನ್ನೋ ಕೊಟ್ಟು ನೋಡಿದರು. ಸಾರವು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. 2011ರಲ್ಲಿ ಪ್ರಕಟವಾದ, 369 ಮಂದಿಯ ಪರೀಕ್ಷೆಯಲ್ಲಿ ಪ್ರಮಾಣವನ್ನು ಮೂರು ಪಟ್ಟಿನವರೆಗೆ ಏರಿಸಿದರೂ ಫಲ ಅದೇ.

ಇನ್ನು ಪುರುಷತ್ವವನ್ನು ಮರಳಿಸುವೆವೆಂಬ ಚೂರ್ಣ ಲೇಹ್ಯಗಳ ಘೋಷಣೆ. ಕಾಮಶಕ್ತಿವರ್ಧನೆಗೂ ಪ್ರಾಸ್ಟೇಟ್ ವ್ಯಾಧಿಗೂ ಔಷಧವೆಂದು ಜಾಹೀರಾತು ಹೊರಡಿಸುವುದನ್ನು ನಮ್ಮ ದೇಶದ 1954ರ ಶಾಸನವೇ ನಿಷೇಧಿಸಿದೆ. ಶುದ್ಧ ಮೂಲಿಕೆಯೆಂದು ಮಾರುವ ಇಂತಹ ಪುಡಿಗಳಲ್ಲಿ ಸಿಲ್ಡೆನಾಫಿಲ್ ಎಂಬ ರಾಸಾಯನಿಕವನ್ನು ಗುಟ್ಟಾಗಿ ಬೆರೆಸಿದ್ದು ಹಲವು ಸಲ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರಿಗೆ ಅದು ರಕ್ತದೊತ್ತಡವನ್ನು ಒಮ್ಮೆಲೇ ಇಳಿಸಿ ಪ್ರಾಣಕ್ಕೆ ಸಂಚಕಾರ ತರಬಲ್ಲುದು.

ಗ್ರಂಥಿ ಹಿಗ್ಗುವುದು ತಾನಾಗಿ ಅರ್ಬುದವಲ್ಲ. ಆದರೆ ಅರ್ಬುದದಲ್ಲಿಯೂ ಇದೇ ಚಿಹ್ನೆಗಳು ತೋರಬಹುದಾದ ಕಾರಣ ಪರೀಕ್ಷೆಯಿಲ್ಲದೆ ನಿರ್ಣಯ ಸಲ್ಲದು. ಮೂತ್ರದಲ್ಲಿ ರಕ್ತ ಕಂಡರೂ, ಮೂತ್ರ ಪೂರ್ತಿ ಕಟ್ಟಿದರೂ ಅಂದೇ ಆಸ್ಪತ್ರೆಗೆ ಹೋಗತಕ್ಕುದು. ತಡಮಾಡಿದರೆ ಮೂತ್ರಪಿಂಡಗಳಿಗೇ ಹಾನಿ. ನಾಳವನ್ನು ಸಡಿಲಿಸುವ ಮಾತ್ರೆಗಳೂ, ಅವಶ್ಯವಾದರೆ ಶಸ್ತ್ರಚಿಕಿತ್ಸೆಯೂ ಇಂದು ಸುಲಭವಾಗಿ ದೊರೆಯುತ್ತವೆ. ಸೇವಿಸುತ್ತಿರುವ ಮೂಲಿಕೆಯ ಹೆಸರನ್ನೂ ವೈದ್ಯರಿಗೆ ಮರೆಯದೆ ತಿಳಿಸಬೇಕು.

ಮನೆಯ ಹಿರಿಯರು ರಾತ್ರಿ ನಾಲ್ಕಾರು ಸಲ ಎದ್ದುಹೋಗುವ ಸದ್ದು ಮಕ್ಕಳಿಗೂ ಸೊಸೆಯರಿಗೂ ಕೇಳಿಸದೆ ಇರದು. ಅವರಾಗಿ ಬಾಯಿಬಿಡುವವರೆಗೆ ಕಾಯದೆ, ಮಗನಾದವನು ಏಕಾಂತದಲ್ಲಿ ಮೆಲ್ಲಗೆ ಕೇಳಿ, ವೈದ್ಯರ ಬಳಿಗೆ ಜತೆಯಲ್ಲಿ ಹೋಗಲಿ. ಇದಕ್ಕಿಂತ ಮಿಗಿಲಾದ ಪಿತೃಸೇವೆಯನ್ನು ನಾವರಿಯೆವು.