ಸಾಮಾನಿನ ಗಾಡಿಯಲ್ಲಿ ಜನ

ಬೆಳಗಿನ ಆರು ಗಂಟೆ. ಊರ ಮುಂದಿನ ಕಟ್ಟೆಯ ಹತ್ತಿರ ಟೆಂಪೊ ಬಂದು ನಿಂತಿತು. ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರು ಬುತ್ತಿಗಂಟು ಹಿಡಿದು ಕಾಯುತ್ತಿದ್ದರು.

"ಹತ್ರವ್ವಾ ಹತ್ರಿ, ಹೊತ್ತಾತು" ಅಂದ ಮೇಸ್ತ್ರಿ.

"ನಿಲ್ಲಾಕ ಜಾಗಾ ಎಲ್ಲೈತೋ ಯಪ್ಪಾ? ಆಗಲೇ ಇಪ್ಪತ್ತು ಮಂದಿ ಆದ್ವಿ" ಅಂದಳು ಒಬ್ಬಳು.

"ಒಂದೀಟು ಸರೀರಿ. ಹತ್ತು ನಿಮಿಷದ ಹಾದಿ."

ಎಲ್ಲರೂ ಹತ್ತಿದರು. ಹಿಡಿಯಲು ಕಂಬಿ ಇಲ್ಲ. ಒಬ್ಬರ ಹೆಗಲು ಒಬ್ಬರು ಹಿಡಿದರು. ಕೈಕೂಸಿನ ತಾಯಿ ಎಲ್ಲರ ಕಾಲ ನಡುವೆ ಕುಳಿತಳು. ಗಾಡಿ ಹೊರಟಿತು.

ಇದು ಯಾವ ಊರಿನ ಮಾತು? ನಿಮ್ಮ ಊರಿನದೇ ಇರಬಹುದು. ಕೂಲಿಗೆ, ಸಂತೆಗೆ, ಮದುವೆಗೆ, ಜಾತ್ರೆಗೆ ನಾವು ಹೀಗೇ ಹೋಗುತ್ತೇವೆ. ಟೆಂಪೊ ಇಲ್ಲದಿದ್ದರೆ ಲಾರಿ. ಲಾರಿ ಇಲ್ಲದಿದ್ದರೆ ಟ್ರ್ಯಾಕ್ಟರ್.

ಈ ಗಾಡಿಗಳು ಸಾಮಾನು ಹೊರಲು ಮಾಡಿದವು. ಜನರನ್ನು ಹೊರಲು ಅಲ್ಲ. ಎರಡಕ್ಕೂ ಏನು ವ್ಯತ್ಯಾಸ?

ನೀರು ತರುವವರಿಗೆ ಇದು ಬೇಗ ತಿಳಿಯುತ್ತದೆ. ತುಂಬಿದ ಕೊಡ ತಲೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಅರ್ಧ ತುಂಬಿದ ಕೊಡ ತೊನೆಯುತ್ತದೆ. ಒಳಗಿನ ನೀರು ಆ ಕಡೆ ಈ ಕಡೆ ಓಲಾಡಿ ನಮ್ಮನ್ನೂ ಎಳೆಯುತ್ತದೆ. ಗಾಡಿಯಲ್ಲೂ ಹಾಗೆಯೇ. ಜೋಳದ ಮೂಟೆ ತಳದಲ್ಲಿ ಮಲಗಿರುತ್ತದೆ. ಹಗ್ಗ ಕಟ್ಟಿದರೆ ಅಲ್ಲಾಡುವುದಿಲ್ಲ. ಜನ ನಿಂತಿರುತ್ತಾರೆ. ಅವರ ಭಾರವೆಲ್ಲ ಮೇಲೆ ಇರುತ್ತದೆ. ತಿರುವು ಬಂತು ಅಂದರೆ ಇಪ್ಪತ್ತು ಜನರೂ ಒಂದೇ ಕಡೆ ವಾಲುತ್ತಾರೆ. ಆ ಭಾರಕ್ಕೆ ಗಾಡಿಯೂ ವಾಲುತ್ತದೆ. ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಿನ ಹಲಗೆಯ ಕೊಂಡಿ ಕಳಚಿದರೆ ಹಿಂದೆ ನಿಂತವರು ರಸ್ತೆಗೆ ಬೀಳುತ್ತಾರೆ. ಗಾಡಿ ಮಗುಚಿದರೆ ಕೆಳಗೆ ಸಿಕ್ಕವರ ಮೇಲೆ ಗಾಡಿಯೇ ಬೀಳುತ್ತದೆ.

2025ರ ಜನವರಿ 22ರಂದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನಲ್ಲಿ ಏನಾಯಿತು ನೋಡಿ. ಹಾವೇರಿ ಜಿಲ್ಲೆಯ ಸವಣೂರಿನ ವ್ಯಾಪಾರಿಗಳು ಹಣ್ಣು, ತರಕಾರಿ ತುಂಬಿಕೊಂಡು ಕುಮಟಾ ಸಂತೆಗೆ ಹೊರಟಿದ್ದರು. ಲಾರಿಯಲ್ಲಿ ಸರಕೂ ಇತ್ತು, ಜನರೂ ಇದ್ದರು. ಇನ್ನೂ ಬೆಳಕು ಹರಿದಿರಲಿಲ್ಲ. ಘಟ್ಟದ ರಸ್ತೆಯಲ್ಲಿ ಲಾರಿ ಕಂದಕಕ್ಕೆ ಉರುಳಿತು. ಹತ್ತು ಜನ ಸತ್ತರು.

ಇನ್ನು ಕಾನೂನಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆ ಇದೆ. ಜನರ ಗಾಡಿಗೆ ಒಂದು ಪರವಾನಗಿ, ಸರಕಿನ ಗಾಡಿಗೆ ಬೇರೆ ಪರವಾನಗಿ. ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ವಿಮೆ ಇರಲೇಬೇಕು. ವಿಮೆ ಎಂದರೆ, ಮಾಲೀಕ ವರ್ಷ ವರ್ಷ ಕಂಪನಿಗೆ ಹಣ ಕಟ್ಟುತ್ತಾನೆ. ಅಪಘಾತವಾದರೆ ನೊಂದವರಿಗೆ ಕಂಪನಿ ಪರಿಹಾರ ಕೊಡುತ್ತದೆ.

"ಹಂಗಾದ್ರ ನಮಗೂ ಕೊಡ್ತಾರಲ್ಲ?" ಎಂದು ನೀವು ಕೇಳಬಹುದು. ತೊಡಕು ಇರುವುದು ಇಲ್ಲಿಯೇ.

ಟೆಂಪೊ ರಸ್ತೆಯಲ್ಲಿ ನಡೆಯುವವರಿಗೆ ಬಡಿದರೆ ವಿಮೆ ಉಂಟು. ಬಸ್ಸಿನ ಪ್ರಯಾಣಿಕರಿಗೆ ಉಂಟು. ಟೆಂಪೊ ಚಾಲಕನಿಗೆ ಉಂಟು. ಗಾಡಿಯ ಮಾಲೀಕನೇ ಸಂಬಳ ಕೊಟ್ಟು ಇಟ್ಟುಕೊಂಡ, ಮೂಟೆ ಹೇರಿ ಇಳಿಸುವ ಕೂಲಿಯವನಿಗೂ ಉಂಟು. 1994ರಲ್ಲಿ ಕಾಯ್ದೆ ತಿದ್ದಿದರು. ಆಮೇಲೆ ತನ್ನ ಸರಕಿನ ಜೊತೆ ಹೋಗುವ ಸರಕಿನ ಒಡೆಯನಿಗೂ ಸಿಕ್ಕಿತು. ಆದರೆ ಅವನು ಚಾಲಕನ ಪಕ್ಕದ ಸೀಟಿನಲ್ಲಿ ಕೂರಬೇಕು. ಮೂಟೆಯ ಮೇಲೆ ಕೂತಿದ್ದರೆ ಕಂಪನಿ ತಕರಾರು ತೆಗೆಯುತ್ತದೆ.

ಸರಕಿನ ಗಾಡಿ ಹತ್ತಿ ಮದುವೆಗೆ ಹೋದವರಿಗೆ ಈ ವಿಮೆ ಇಲ್ಲ. ಇಪ್ಪತ್ತು ರೂಪಾಯಿ ಕೊಟ್ಟು ಹತ್ತಿದವರಿಗೂ ಇಲ್ಲ, ಪುಕ್ಕಟೆ ಹತ್ತಿದವರಿಗೂ ಇಲ್ಲ. 2003ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಮೇಸ್ತ್ರಿ ಕರೆದೊಯ್ಯುವ ಹೊಲದ ಕೂಲಿಯವರೂ ಇದರಲ್ಲೇ ಸೇರಿಬಿಡುತ್ತಾರೆ. ಯಾಕೆಂದರೆ ಅವರು ಹೊಲದ ಕೆಲಸದವರು. ಟೆಂಪೊ ಮಾಲೀಕನ ಕೆಲಸದವರಲ್ಲ.

ಆಗ ಪರಿಹಾರ ಯಾರು ಕೊಡಬೇಕು? ಗಾಡಿಯ ಮಾಲೀಕ ಕೊಡಬೇಕು. ಅವನ ಹತ್ತಿರ ಇರುವುದೇ ಅದೊಂದು ಟೆಂಪೊ. ಅದೂ ಸಾಲದ್ದು. ಕೋರ್ಟು ಲಕ್ಷಗಟ್ಟಲೆ ಕೊಡು ಎಂದರೂ ಅವನು ಎಲ್ಲಿಂದ ತಂದಾನು? ಕೆಲವು ಕೇಸುಗಳಲ್ಲಿ, ಮೊದಲು ಕಂಪನಿಯೇ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಕೋರ್ಟು ಹೇಳಿದ್ದುಂಟು. ಎಲ್ಲ ಕೇಸಿನಲ್ಲೂ ಹಾಗೆ ಹೇಳುವುದಿಲ್ಲ.

ಆದರೂ ಸುಮ್ಮನೆ ಕೂರಬೇಡಿ. ಅಪಘಾತವಾದರೆ ಮೊದಲು 108ಕ್ಕೆ ಫೋನು ಮಾಡಿ. ಗಾಡಿಯ ನಂಬರು ಬರೆದಿಡಿ. ಹಾವೇರಿಯಲ್ಲಿ ನೋಂದಣಿಯಾದ ಗಾಡಿಯಾದರೆ ಕೆಎ 27 ಎಂದು ಶುರುವಾಗುತ್ತದೆ. ನಂಬರು ಓದುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ದಿನಾ ಹತ್ತುವ ಗಾಡಿಯ ನಂಬರು ನಿಮಗೆ ಬಾಯಿಗೆ ಬರುತ್ತದೆಯೇ? ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಕೇಳಿ. ಅದನ್ನು ಪುಕ್ಕಟೆ ಕೊಡಬೇಕು. ಆಸ್ಪತ್ರೆಯ ಚೀಟಿ ಒಂದನ್ನೂ ಬಿಸಾಡಬೇಡಿ. ಕೇಸು ಹಾಕಲು ವಕೀಲರಿಗೆ ದುಡ್ಡಿಲ್ಲವೇ? ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಅಲ್ಲಿ ಹೆಂಗಸರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಬಡವಳೋ ಸಾಹುಕಾರಳೋ ಎಂದು ಕೇಳುವಂತಿಲ್ಲ. ಗುದ್ದಿದ ಗಾಡಿ ಯಾವುದೆಂದೇ ತಿಳಿಯದಿದ್ದರೆ ಸರ್ಕಾರದ ಪರಿಹಾರ ಬೇರೆ ಇದೆ. 2022ರ ಏಪ್ರಿಲ್‌ನಿಂದ ಸತ್ತವರ ಮನೆಯವರಿಗೆ 2 ಲಕ್ಷ ರೂಪಾಯಿ, ಭಾರೀ ಗಾಯವಾದವರಿಗೆ 50 ಸಾವಿರ ರೂಪಾಯಿ ಎಂದು ಮಾಡಿದ್ದಾರೆ.

ಇಷ್ಟೆಲ್ಲ ತಿಳಿದ ಮೇಲೂ ಮೇಸ್ತ್ರಿಯ ಟೆಂಪೊ ಹತ್ತದೆ ಗತಿ ಇಲ್ಲ ಎನ್ನುವವರೇ ಹೆಚ್ಚು. ಅದೂ ನಿಜವೇ. ಕೂಲಿ ತಪ್ಪಿದರೆ ಒಲೆ ಹೊತ್ತುವುದಿಲ್ಲ. ಪೊಲೀಸರು ಟೆಂಪೊ ಹಿಡಿದು ದಂಡ ಹಾಕುತ್ತಾರೆ. ದಂಡ ಕಟ್ಟಿ ಅದೇ ಟೆಂಪೊ ಮರುದಿನ ಬರುತ್ತದೆ. ಬರೀ ದಂಡ ಹಾಕಿದರೆ ಆರು ಗಂಟೆಗೆ ಬಸ್ಸು ಬರುತ್ತದೆಯೇ?

ಬಸ್ಸಿನ ವಿಷಯಕ್ಕೇ ಬರೋಣ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಚಾರ್ಜಿಲ್ಲ. ಎ.ಸಿ. ಬಸ್ಸು, ಐಷಾರಾಮಿ ಬಸ್ಸು ಇದರಲ್ಲಿ ಸೇರಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ.

"ಹೆಂಗೂ ಪುಕ್ಕಟೆ, ಟಿಕೆಟ್ ಯಾಕ ಬೇಕು?" ಎಂದು ಕೆಲವರು ತೆಗೆದುಕೊಳ್ಳುವುದೇ ಇಲ್ಲ. ಬೇಕು ಅಕ್ಕಾ, ಬೇಕೇ ಬೇಕು. ನಮಗೆ ಪುಕ್ಕಟೆ, ಆದರೆ ಬಸ್ಸಿಗೆ ಪುಕ್ಕಟೆ ಅಲ್ಲ. ನಮ್ಮ ಚಾರ್ಜನ್ನು ಸರ್ಕಾರ ಬಸ್ಸಿನ ನಿಗಮಕ್ಕೆ ಕಟ್ಟಿಕೊಡಬೇಕು. ಆ ಲೆಕ್ಕ ನಡೆಯುವುದು ಶೂನ್ಯ ಟಿಕೆಟಿನಿಂದ. ನೀವು ಟಿಕೆಟ್ ಪಡೆಯದಿದ್ದರೆ ಲೆಕ್ಕದ ಪ್ರಕಾರ ನೀವು ಬಸ್ಸು ಹತ್ತಿಯೇ ಇಲ್ಲ. ಬಸ್ಸು ಖಾಲಿ ಓಡಿತು ಎಂದಾಗುತ್ತದೆ. ಜೊತೆಗೆ, ಏನಾದರೂ ಅವಘಡ ಆದರೆ ಆ ಬಸ್ಸಿನಲ್ಲಿ ಇದ್ದಿರಿ ಎನ್ನಲು ಆ ಟಿಕೆಟ್ಟೇ ಸಾಕ್ಷಿ.

ಪುಕ್ಕಟೆ ಬಸ್ಸು ಬಂತು, ಸರಿ. ಆದರೆ ಹತ್ತು ಗಂಟೆಗೆ ಬರುವ ಪುಕ್ಕಟೆ ಬಸ್ಸು ಆರು ಗಂಟೆಯ ಕೂಲಿಗೆ ಆಗುವುದಿಲ್ಲ. ಹೊತ್ತಿಗೆ ಸರಿಯಾದ ಬಸ್ಸು ಕೇಳಬೇಕು. ಯಾರನ್ನು ಕೇಳುವುದು? ಬಸ್ಸಿನ ಮೈಮೇಲೆ ನಿಗಮದ ಹೆಸರು ಬರೆದಿರುತ್ತದೆ. ಹಾವೇರಿ, ಧಾರವಾಡದ ಕಡೆ ವಾಯವ್ಯ ಸಾರಿಗೆ. ಕಲಬುರಗಿ, ರಾಯಚೂರಿನ ಕಡೆ ಕಲ್ಯಾಣ ಸಾರಿಗೆ. ಮೈಸೂರು, ಮಂಡ್ಯದ ಕಡೆ ಕೆ.ಎಸ್.ಆರ್.ಟಿ.ಸಿ. ಅರ್ಜಿ ಕೊಡಬೇಕಾದದ್ದು ನಿಮ್ಮ ತಾಲ್ಲೂಕಿನ ಬಸ್ ಡಿಪೋ ಮ್ಯಾನೇಜರಿಗೆ.

ಅರ್ಜಿಯಲ್ಲಿ "ನಮಗೆ ಬಸ್ಸು ಬೇಕು" ಎಂದಷ್ಟೇ ಬರೆದರೆ ಸಾಲದು. ಯಾವ ಊರಿನಿಂದ ಯಾವ ಊರಿಗೆ, ಎಷ್ಟು ಗಂಟೆಗೆ, ದಿನಾ ಎಷ್ಟು ಮಂದಿ ಹೋಗುತ್ತೀರಿ, ಯಾವ ತಿಂಗಳಿನಲ್ಲಿ ಕೂಲಿ ಹೆಚ್ಚು, ಇವನ್ನು ಬರೆಯಿರಿ. ಈಗ ಸರಕಿನ ಗಾಡಿಯಲ್ಲಿ ಹೋಗುತ್ತಿದ್ದೇವೆ ಎಂಬುದನ್ನೂ ಬರೆಯಿರಿ. ಮುಚ್ಚಿಡಬೇಡಿ. ಹೋಗುವವರೆಲ್ಲ ಸಹಿ ಮಾಡಲಿ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತಿದ್ದೀರಲ್ಲ, ಅದಕ್ಕೆ ಇದು ಒಳ್ಳೇ ಕೆಲಸ. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ ಠರಾವು ಮಾಡಿಸಿ, ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

ಒಮ್ಮೆಗೇ ಬಸ್ಸು ಬಂದುಬಿಡುತ್ತದೆ ಎಂದು ಹೇಳಲಾರೆವು. ಬಸ್ಸು ಕಡಿಮೆ, ಚಾಲಕರು ಕಡಿಮೆ, ರಸ್ತೆ ಸರಿ ಇಲ್ಲ ಎಂಬ ಉತ್ತರ ಬರಬಹುದು. ಆ ಉತ್ತರವನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಅದನ್ನು ಹಿಡಿದು ಮೇಲಿನ ಸಾಹೇಬರ ಹತ್ತಿರ, ಅಂದರೆ ವಿಭಾಗೀಯ ನಿಯಂತ್ರಣಾಧಿಕಾರಿಯ ಹತ್ತಿರ ಹೋಗಬಹುದು. ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದನ್ನು ಅವರಿಗೆ ಕೊಡಿ. ಇನ್ನೊಂದರ ಮೇಲೆ ತಾರೀಕು, ಸೀಲು ಹಾಕಿಸಿಕೊಂಡು ಮನೆಗೆ ತನ್ನಿ.