ಕೊಕ್ಕೆಸೂಜಿಯ ಹೆಣಿಗೆ: ಉಡುಗೊರೆಯಿಂದ ಉದ್ಯೋಗಕ್ಕೆ

ಎಳೆಯ ಕೆಲಸವನ್ನು ಸೂಚಿಸುವ ಕ್ರಿಯಾಪದಗಳು ಕನ್ನಡದಲ್ಲಿ ಹಲವು. ನೂಲು, ನೇಯ್, ಹೊಲಿ, ಹೆಣೆ ಎಂಬ ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಅರ್ಥದ ಎಲ್ಲೆಯುಂಟು. ನೇಯುವುದಕ್ಕೆ ಹಾಸು ಹೊಕ್ಕುಗಳೆರಡೂ ಬೇಕು, ಮಗ್ಗವೂ ಬೇಕು. ಹೊಲಿಯುವುದಕ್ಕೆ ಮೊದಲೇ ಸಿದ್ಧವಾದ ಬಟ್ಟೆ ಬೇಕು. ಹಳಗನ್ನಡದಲ್ಲಿ ‘ಪೆಣೆ’ ಎಂದಿದ್ದ ‘ಹೆಣೆ’ಗಾದರೋ ಇವಾವುವೂ ಬೇಡ. ಜಡೆಯಾಗಲಿ ಬುಟ್ಟಿಯಾಗಲಿ, ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸುವುದು ಕೈಯ ಬೆರಳುಗಳೇ. ಈ ಹೆಣಿಗೆಯ ಕೆಲಸಗಳಲ್ಲಿ ಅತ್ಯಂತ ಕಡಿಮೆ ಸಾಧನಗಳನ್ನು ಬೇಡುವುದು ಕೊಕ್ಕೆಸೂಜಿಯ ಹೆಣಿಗೆ. ಒಂದು ದಾರದುಂಡೆ, ತುದಿಯಲ್ಲಿ ಬಾಗಿದ ಒಂದು ಕಡ್ಡಿ, ಇಷ್ಟೇ ಅದರ ಬಂಡವಾಳ.

ನಮ್ಮ ಮನೆಗಳಲ್ಲಿ ಇದಕ್ಕೆ ‘ಕ್ರೋಶಾ’ ಎಂಬ ಹೆಸರು ರೂಢಿಯಲ್ಲಿದೆ. ಸಂಸ್ಕೃತದ ‘ಕ್ರೋಶ’ ಶಬ್ದವನ್ನು ಬಲ್ಲವರು ಇಲ್ಲಿ ತಡವರಿಸಬಾರದು. ಅದು ಕೂಗಿದರೆ ಕೇಳುವಷ್ಟು ದೂರವನ್ನು ಹೇಳುವ ಅಳತೆಯ ಮಾತು. ಇದು ಫ್ರೆಂಚ್ ಭಾಷೆಯದು; ಚಿಕ್ಕ ಕೊಕ್ಕೆ ಎಂದೇ ಅದರ ಅರ್ಥ. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಸೂಚೀವಾನಕರ್ಮ, ಸೂತ್ರಕ್ರೀಡೆ ಎಂಬ ಹೆಸರುಗಳು ಬರುವುದರಿಂದ ಈ ಹೆಣಿಗೆಯೂ ಅಷ್ಟೇ ಪ್ರಾಚೀನವೆಂದು ವಾದಿಸುವವರುಂಟು. ಆದರೆ ಇಂದು ಕಾಣುವ ರೂಪದ ಕ್ರೋಶಾ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ. ಪರದೇಶದಿಂದ ಬಂದುದೆಂದು ಒಪ್ಪಿಕೊಂಡರೆ ಕಲೆಗೇನೂ ಕುಂದಿಲ್ಲ.

ಇದರ ಕ್ರಮ ಸರಳ. ದಾರದ ತುದಿಯಲ್ಲಿ ಒಂದು ಜೀರುಗುಣಿಕೆ ಹಾಕಿ, ಅದರೊಳಗೆ ಕೊಕ್ಕೆಯನ್ನಿಟ್ಟು, ದಾರವನ್ನು ಎಳೆದುಕೊಂಡರೆ ಇನ್ನೊಂದು ಕುಣಿಕೆ ಹುಟ್ಟುತ್ತದೆ. ಹೀಗೆ ಕುಣಿಕೆಯಿಂದ ಕುಣಿಕೆ ಹೊರಟು ಸರಪಳಿಯಾಗುತ್ತದೆ. ಸರಪಳಿಯ ಕಣ್ಣುಗಳಲ್ಲಿ ಕೊಕ್ಕೆಯನ್ನು ಮತ್ತೆ ತೂರಿಸಿ ಗಿಡ್ಡ ಕಂಬ, ಎತ್ತರದ ಕಂಬಗಳನ್ನು ನಿಲ್ಲಿಸುತ್ತ ಹೋದರೆ ಸಾಲು ಬೆಳೆಯುತ್ತದೆ. ಎರಡು ಕಡ್ಡಿಗಳಿಂದ ಸ್ವೆಟರ್ ಹೆಣೆಯುವಾಗ ಹತ್ತಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲೆ ಕಾದಿರುತ್ತವೆ. ಒಂದು ಜಾರಿದರೆ ಸಾಲೇ ಬಿಚ್ಚಿಕೊಳ್ಳುವ ಭಯವಿದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಬಾಯ್ದೆರೆದಿರುವುದು ಒಂದೇ ಕುಣಿಕೆ. ಒಂದು ಹೆಣಿಗೆ ಪೂರ್ತಿಯಾಗದೆ ಮುಂದಿನದು ಮೊದಲಾಗದು. ಒಲೆಯ ಮೇಲಿನ ಹಾಲು ಉಕ್ಕುವಂತಾದರೆ ಕೆಳಗಿಟ್ಟು ಎದ್ದು ಹೋಗಬಹುದು, ಮರಳಿ ಬಂದು ಬಿಟ್ಟಲ್ಲಿಂದಲೇ ಹಿಡಿಯಬಹುದು. ಗೃಹಿಣಿಯರ ಕೈಯಲ್ಲಿ ಈ ಕಲೆ ನಿಂತದ್ದು ಇದರಿಂದಲೇ ಇರಬೇಕು.

ಈ ಸರಳತೆಯ ಇನ್ನೊಂದು ಮುಖವೂ ಇದೆ. ಎರಡು ಕಡ್ಡಿಯ ಹೆಣಿಗೆಯನ್ನು ಅನುಕರಿಸುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ 1589ರಷ್ಟು ಹಿಂದೆಯೇ ರಚಿಸಿದನು. ಕ್ರೋಶಾಕ್ಕಾದರೋ ಮಾರುಕಟ್ಟೆಯ ಪ್ರಮಾಣದಲ್ಲಿ ದುಡಿಯುವ ಯಂತ್ರ ಇಂದಿಗೂ ಬಂದಿಲ್ಲ. ಕೊಕ್ಕೆ ಯಾವ ದಿಕ್ಕಿನಿಂದಲಾದರೂ, ಹಿಂದಿನ ಯಾವ ಕಣ್ಣಿನೊಳಕ್ಕಾದರೂ ನುಗ್ಗಬಹುದಾದ ಆ ಸ್ವಾತಂತ್ರ್ಯವೇ ಯಂತ್ರಕ್ಕೆ ಒಗ್ಗದು. ಕ್ರೋಶಾ ಯಂತ್ರವೆಂದು ಕಾರ್ಖಾನೆಗಳಲ್ಲಿ ಕರೆಯುವುದು ನೋಟಕ್ಕೆ ಹಾಗೆ ಕಾಣುವ ಬೇರೊಂದು ಜಾಲರಿಯನ್ನು ನೀಡುತ್ತದೆ. ಆದುದರಿಂದ ಅಂಗಡಿಯಲ್ಲಿ ನಿಜವಾದ ಕ್ರೋಶಾದ ಹೊದಿಕೆಯೊಂದು ಅತಿ ಅಗ್ಗಕ್ಕೆ ದೊರೆತರೆ, ಅದು ಯಂತ್ರದ ಕೃಪೆಯೆಂದು ತಿಳಿಯುವಂತಿಲ್ಲ. ಎಲ್ಲಿಯೋ ಯಾರದೋ ಕೈ ಅಷ್ಟು ಗಂಟೆಗಳನ್ನು ಅಗ್ಗವಾಗಿ ಕೊಟ್ಟಿದೆಯೆಂದೇ ಅರ್ಥ.

ಈ ಅಗ್ಗದ ಮೂಲ ಎಲ್ಲಿದೆ? ಕ್ರೋಶಾ ನಮ್ಮಲ್ಲಿ ಮೊದಲಿನಿಂದಲೂ ಕೊಡುಗೆಯ ಕಲೆ. ಮಗಳ ಬಾಣಂತನಕ್ಕೆ ಕೂಸಿನ ಕುಂಚಿಗೆ, ಕುಲಾವಿ. ಹೊಸ ಮನೆಗೆ ಬಾಗಿಲ ತೋರಣ. ಬೀಗರ ಮನೆಗೆ ಮೇಜಿನ ಹಾಸು. ಒಂದು ಕಾಲಕ್ಕೆ ರೇಡಿಯೋಪೆಟ್ಟಿಗೆಗೂ ಒಂದು ಮುಸುಕು. ಇವುಗಳಿಗೆ ಯಾರೂ ಬೆಲೆ ಕಟ್ಟಲಿಲ್ಲ, ಕಟ್ಟಬೇಕಾಗಿಯೂ ಇರಲಿಲ್ಲ. ‘ಮುಯ್ಯಿ’ ಎಂಬ ನಮ್ಮ ಮಾತಿನಲ್ಲಿ ಕೊಡುವುದೂ ತೀರಿಸುವುದೂ ಒಟ್ಟಿಗೇ ಅಡಗಿವೆ. ಇಂದು ಕುಲಾವಿ ಕೊಟ್ಟವಳ ಮನೆಗೆ ನಾಳೆ ಸೀರೆಯೋ ಕಣವೋ ಬಂದೀತು. ಏನೂ ಬರದಿದ್ದರೂ ವಿಶ್ವಾಸ ಉಳಿದೀತು. ಅಲ್ಲಿ ಗಂಟೆಗಳ ಲೆಕ್ಕ ಹಿಡಿಯುವುದು ಅನುಚಿತ. ಆದರೆ ಅದೇ ಕುಲಾವಿಯನ್ನು ಅಪರಿಚಿತರಿಗೆ ಮಾರಲು ಹೊರಟಾಗ ಮುಯ್ಯಿಯ ನಂಟು ಕಡಿದುಹೋಗುತ್ತದೆ. ಹೆಣೆದವಳ ಮನಸ್ಸು ಮಾತ್ರ ಕೊಡುಗೆಯ ಮನಸ್ಸಾಗಿಯೇ ಉಳಿದಿರುತ್ತದೆ. ಬಿಡುವಿನ ವೇಳೆಯ ಕೆಲಸ, ಅದಕ್ಕೇನು ದುಡ್ಡು ಕೇಳುವುದು ಎಂಬ ಸಂಕೋಚ ಅವಳದು. ಆ ಸಂಕೋಚ ಯಾರಿಗೆ ಲಾಭವಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳಿವೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗಲಿತು. ಅದನ್ನೇ ನಂಬಿದ್ದ ಬಡವರು ಮುಂದಿನ ಆರೇಳು ವರ್ಷಗಳ ಘೋರ ಕ್ಷಾಮಕ್ಕೆ ತುತ್ತಾದರು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಮಂದಿ ದೇಶ ಬಿಟ್ಟರು. ಆ ಹೊತ್ತಿನಲ್ಲಿ ಅನೇಕ ಕುಟುಂಬಗಳಿಗೆ ಊಟ ಕಾಣಿಸಿದ್ದು ಕೊಕ್ಕೆಸೂಜಿ. ಕಾರ್ಕ್ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿ ಉರ್ಸುಲೈನ್ ಸಂನ್ಯಾಸಿನಿಯರು ತಮ್ಮ ಮಠದಲ್ಲಿ ಹುಡುಗಿಯರಿಗೆ ಇದನ್ನು ಕಲಿಸಿದರು. ಉತ್ತರ ಭಾಗದ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕ್ಯಾಸಾಂಡ್ರಾ ಹ್ಯಾಂಡ್ 1847ರಲ್ಲಿ ಇದನ್ನು ತಂದಳು. ವೆನಿಸ್ಸಿನ ಸೂಜಿಯ ಲೇಸನ್ನು ಕೊಕ್ಕೆಯಿಂದ ಅನುಕರಿಸುವ ಮಾದರಿಗಳನ್ನು ರಿಯೆಗೊ ದ ಲಾ ಬ್ರಾಂಶಾರ್ದಿಯೇರ್ ಎಂಬ ಮಹಿಳೆ ತನ್ನ ಪುಸ್ತಕಗಳಲ್ಲಿ ಅಚ್ಚು ಹಾಕಿಸಿ ಹರಡಿದಳು. ಸೂಜಿಯಿಂದ ಬಹುಕಾಲ ಹಿಡಿಯುವ ಕೆಲಸ ಕೊಕ್ಕೆಯಿಂದ ಬೇಗ ಮುಗಿಯುತ್ತಿತ್ತು. ಗುಲಾಬಿ, ಎಲೆ, ಮೂರೆಸಳಿನ ಶ್ಯಾಮ್‌ರಾಕ್ ಮೊದಲಾದ ಬಿಡಿ ಚಿತ್ರಗಳನ್ನು ಬೇರೆ ಬೇರೆ ಮನೆಗಳಲ್ಲಿ ಹೆಣೆದು, ಬಳಿಕ ಜಾಲರಿಯಿಂದ ಒಂದುಗೂಡಿಸುವ ಪದ್ಧತಿ ಬೆಳೆಯಿತು. ಒಂದು ಮನೆತನ ತನ್ನ ಹೂವಿನ ಗುಟ್ಟನ್ನು ನೆರೆಯವರಿಗೆ ಬಿಟ್ಟುಕೊಡದೆ ಕಾಯುತ್ತಿತ್ತೆಂದು ಅಲ್ಲಿಯವರು ಹೇಳುವುದುಂಟು. ಈ ಐರಿಶ್ ಲೇಸು ಲಂಡನ್ ಪ್ಯಾರಿಸ್‌ಗಳ ಶ್ರೀಮಂತರ ಕೊರಳಪಟ್ಟಿಗಳನ್ನು ಅಲಂಕರಿಸಿತು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಉಡುಪಿನ ಅಭಿರುಚಿ ಬದಲಾಯಿತು, ಬೇಡಿಕೆ ಕುಸಿಯಿತು. ದೂರದ ಊರಿನ ಒಲವಿಗೆ ಜೋತುಬಿದ್ದ ಕಸುಬಿಗೆ ಈ ಅಪಾಯ ಸದಾ ಇದ್ದದ್ದೇ.

ನಮಗೆ ಹತ್ತಿರದ ನಿದರ್ಶನ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ್ದು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಕ್ರೈಸ್ತ ಮಿಷನರಿಗಳು ಕಲಿಸಿದ ಲೇಸಿನ ಕೆಲಸ ಹಳ್ಳಿಹಳ್ಳಿಗೂ ಹಬ್ಬಿ, ಪರದೇಶಗಳಿಗೆ ರಫ್ತಾಗುವ ಉದ್ಯಮವಾಯಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾಗಿದೆ. ದಿನಕ್ಕೆ ಆರೆಂಟು ಗಂಟೆ ಹೆಣೆಯುತ್ತಿದ್ದ ಆ ಸ್ತ್ರೀಯರು ತಮ್ಮನ್ನು ಕೆಲಸಗಾರರೆಂದು ಹೇಳಿಕೊಳ್ಳುತ್ತಿರಲಿಲ್ಲ. ಗೃಹಿಣಿಯರು, ಬಿಡುವಿನಲ್ಲಿ ಲೇಸು ಹಾಕುವವರು ಎನ್ನುತ್ತಿದ್ದರು. ವ್ಯಾಪಾರಿಗಳೂ ಹಾಗೆಯೇ ಹೇಳುತ್ತಿದ್ದರು, ಅದಕ್ಕೆ ತಕ್ಕಂತೆಯೇ ಕೊಡುತ್ತಿದ್ದರು. ಹೊಲದಲ್ಲಿ ದುಡಿಯುವ ಕೂಲಿ ಹೆಂಗಸಿಗಿಂತಲೂ ಅವರ ಸಂಪಾದನೆ ಕಡಿಮೆಯಾಗಿತ್ತು. ಆದರೂ ಹೊಲಕ್ಕೆ ಹೋಗದೆ ಮನೆಯೊಳಗೆ ಕುಳಿತಿರುವುದೇ ಮರ್ಯಾದೆಯೆಂದು ಭಾವಿಸಿ ಅವರು ಸುಮ್ಮನಿದ್ದರು. ಒಬ್ಬಳು ಬಿಡಿಹೂವು ಮಾಡುತ್ತಾಳೆ, ಇನ್ನೊಬ್ಬಳು ಜೋಡಿಸುತ್ತಾಳೆ, ಪೂರ್ತಿಯಾದ ಹಾಸು ಯಾರಿಗೆ ಎಷ್ಟಕ್ಕೆ ಮಾರಿತೆಂಬುದು ಇಬ್ಬರಿಗೂ ತಿಳಿಯದು. ಹೀಗೆ ಮನೆಯಲ್ಲಿ ಕುಳಿತು ಪರರಿಗಾಗಿ ದುಡಿಯುವವರನ್ನೂ ಕಾರ್ಮಿಕರೆಂದೇ ಎಣಿಸತಕ್ಕದ್ದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಪ್ಪಂದವೊಂದನ್ನು ಅಂಗೀಕರಿಸಿತು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹೆಸರು ರಕ್ಷಿತವಾಯಿತು, ಗಂಟೆಯ ಬೆಲೆ ಅದರಿಂದ ತಾನಾಗಿ ಏರುವುದಿಲ್ಲ.

ಆದುದರಿಂದ ಕ್ರೋಶಾದಿಂದ ನಾಲ್ಕು ಕಾಸು ಗಳಿಸಲು ಬಯಸುವವಳು ಕೊಕ್ಕೆಯೊಡನೆ ಗಡಿಯಾರವನ್ನೂ ಹತ್ತಿರ ಇಟ್ಟುಕೊಳ್ಳಬೇಕಾಗುತ್ತದೆ. ಕುಲಾವಿಯೂ ಕಾಲುಚೀಲವೂ ಸೇರಿದ ಒಂದು ಜೊತೆಗೆ ದಾರ 120 ರೂಪಾಯಿ, ಪೆಟ್ಟಿಗೆ ಮತ್ತು ಸಾಗಣೆ 30 ರೂಪಾಯಿ, ಹೆಣೆಯಲು 10 ಗಂಟೆ ಎಂದಿಟ್ಟುಕೊಳ್ಳೋಣ. ಅಂಗಡಿಯಾತ 250 ಕೊಟ್ಟರೆ ನೂರು ರೂಪಾಯಿ ಉಳಿಯಿತೆಂದು ಸಂತೋಷವಾಗುತ್ತದೆ. ಆದರೆ ಗಂಟೆಗೆ ಬಿದ್ದದ್ದು ಹತ್ತೇ ರೂಪಾಯಿ. ದಾರದ ಬೆಲೆಯ ಮೂರು ಪಟ್ಟು ಕೇಳಬೇಕೆಂಬ ಒಂದು ಸೂತ್ರ ಬಳಕೆಯಲ್ಲಿದೆ. ಅದರಂತೆ 360 ಕೇಳಿದರೂ ಗಂಟೆಗೆ 21 ರೂಪಾಯಿ ಮಾತ್ರ. ಗಂಟೆಗೆ 50ನ್ನಾದರೂ ಹಿಡಿಯುವುದಾದರೆ ಬೆಲೆ 650 ಆಗುತ್ತದೆ. “ಇಷ್ಟೇ ಇಷ್ಟು ದಾರಕ್ಕೆ ಅಷ್ಟು ಬೆಲೆಯೇನಕ್ಕಾ?” ಎಂದು ನೆರೆಯವಳು ಕೇಳದಿರಳು. ಉತ್ತರ ಹೇಳಲು ಲೆಕ್ಕ ಕೈಯಲ್ಲಿದ್ದರೆ ಧ್ವನಿ ಅಳುಕುವುದಿಲ್ಲ. ಆ ಬೆಲೆಗೆ ಮಾರದೆ ಹೋದರೆ, ಗಂಟೆಯ ಬೆಲೆಯನ್ನು ಇಳಿಸುವುದಕ್ಕಿಂತ ಕಡಿಮೆ ಗಂಟೆ ಬೇಡುವ ವಸ್ತುವನ್ನು ಆರಿಸುವುದು ಮೇಲು. ಮಂಚದ ಹೊದಿಕೆಯಂಥ ದೊಡ್ಡ ಕೆಲಸಕ್ಕೆ ನೂರಾರು ಗಂಟೆ ಹಿಡಿಯುತ್ತದೆ. ಅದರ ಯೋಗ್ಯ ಬೆಲೆಯನ್ನು ಕೊಡುವವರು ವಿರಳ. ಅದನ್ನು ಮಗಳಿಗೋ ಸೊಸೆಗೋ ಮಾಡಿಕೊಡುವುದೇ ಚೆನ್ನು. ಕೀಲಿಗೊಂಚಲಿನ ಹೂವು, ಪುಸ್ತಕದ ಪುಟಗುರುತು, ಚಿಕ್ಕ ಕೈಚೀಲ, ತೋರಣದ ತುಂಡು ಇವು ಒಂದೆರಡು ಗಂಟೆಯ ಕೆಲಸಗಳು, ಉಡುಗೊರೆಗೂ ಒದಗುತ್ತವೆ.

ಈಚಿನ ವರ್ಷಗಳಲ್ಲಿ ಹೆಚ್ಚು ಬೇಡಿಕೆ ಬಂದಿರುವುದು ‘ಅಮಿಗುರುಮಿ’ ಎಂಬ ಜಪಾನಿ ಹೆಸರಿನ, ಒಳಗೆ ಅರಳೆ ತುಂಬಿದ ಪುಟ್ಟ ಗೊಂಬೆಗಳಿಗೆ. ಇಲ್ಲಿ ಒಂದೆರಡು ಎಚ್ಚರಿಕೆ ಅವಶ್ಯ. ಕಣ್ಣಿಗೆ ಮಣಿ ಹೊಲಿದರೆ ಕೂಸು ಕಿತ್ತು ನುಂಗೀತು; ಕರಿಯ ದಾರದಿಂದಲೇ ಕಣ್ಣು ಬರೆಯುವುದು ಕ್ಷೇಮ. ಇದಲ್ಲದೆ ಮಕ್ಕಳ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವೆಂಬ ಕೇಂದ್ರ ಸರ್ಕಾರದ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿದೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ಅದರಿಂದ ವಿನಾಯಿತಿ ಉಂಟು. ಗೊಂಬೆ ಮಾರುವವರು ಆ ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳುವುದು ಲೇಸು. ಕಿರು ಉದ್ಯಮಗಳಿಗಾಗಿ 2020ರ ಜುಲೈಯಿಂದ ನಡೆಯುತ್ತಿರುವ ‘ಉದ್ಯಮ್’ ನೋಂದಣಿಗೂ ಶುಲ್ಕವಿಲ್ಲ. ಅದಕ್ಕೆಂದು ಹಣ ಕೇಳುವವರನ್ನು ನಂಬಬಾರದು.

ದಾರದ ವಿಷಯದಲ್ಲಿ ಒಂದು ಮಾತು. ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ಬಣ್ಣ ಅದ್ದಿದ ಉಂಡೆಗಳ ಪಟ್ಟಿಯ ಮೇಲೆ ಒಂದೇ ಸಂಖ್ಯೆ ಅಚ್ಚಾಗಿರುತ್ತದೆ. ಅದೇ ಕೆಂಪೆಂದು ಬೇರೆ ಸಂಖ್ಯೆಯ ಉಂಡೆಯನ್ನು ಆಮೇಲೆ ತಂದರೆ ಹಾಸಿನ ನಡುವೆ ಪಟ್ಟೆ ಎದ್ದು ಕಾಣುತ್ತದೆ. ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳಬೇಕು. ಬಿಳಿಯೊಡನೆ ಕೆಂಪನ್ನು ಕೂಡಿಸುವ ಮೊದಲು ಕೆಂಪಿನ ತುಂಡನ್ನು ಒದ್ದೆ ಮಾಡಿ ಬಿಳಿಯ ಅರಿವೆಯ ಮೇಲೆ ಒತ್ತಿ ನೋಡಬೇಕು. ಕೊಂಡವರ ಮನೆಯಲ್ಲಿ ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೆ ಎರಡನೆಯ ವ್ಯಾಪಾರವಿಲ್ಲ.

ಹಲವು ಶಾಲೆಗಳಲ್ಲಿ ಕರಕುಶಲದ ತರಗತಿಯೆಂದು ಬಾಲಿಕೆಯರಿಗೆ ಕ್ರೋಶಾ ಕಲಿಸುವುದುಂಟು. ಅವರ ಹಾಸುಗಳನ್ನು ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಹರಡುತ್ತಾರೆ, ಅತಿಥಿಗಳು ಮೆಚ್ಚಿ ಮುಂದೆ ಸಾಗುತ್ತಾರೆ. ಆ ಹಾಸುಗಳ ಪಕ್ಕದಲ್ಲಿ ವಿದ್ಯಾರ್ಥಿನಿಯ ಹೆಸರು, ತರಗತಿಗಳೊಡನೆ ಒಂದು ಸಾಲು ಹೆಚ್ಚಿಗೆ ಬರೆಸಬಹುದು: ದಾರಕ್ಕೆ ಎಷ್ಟು, ಗಂಟೆ ಎಷ್ಟು. ಗಣಿತದ ಅಧ್ಯಾಪಕರು ಇದಕ್ಕಾಗಿ ಒಂದು ಪಿರಿಯಡ್ ಬಿಟ್ಟುಕೊಟ್ಟರೂ ಸಾಕು. ಎಂಟನೆಯ ತರಗತಿಯ ಹುಡುಗಿ ತನ್ನ ಮೊದಲ ಹಾಸಿನ ಕೆಳಗೆ ‘ಹದಿನಾಲ್ಕು ಗಂಟೆ’ ಎಂದು ತನ್ನ ಕೈಯಾರೆ ಬರೆದಿದ್ದರೆ, ಮುಂದೆ ಯಾವ ಅಂಗಡಿಯ ಕಟ್ಟೆಯ ಮುಂದೆ ನಿಂತಾಗಲೂ ಆ ಅಂಕೆ ಅವಳಿಗೆ ನೆನಪಿಗೆ ಬರುವುದು.