ಹಾಲು ಹಾಕಿ ಬಂದವರ ಸಂಜೆ ಶಾಲೆ

ಬಸ್ಸಿಳಿದ ಕೂಡಲೇ ಎದುರಿಗೆ ಸಿಗುವುದು ಹಾಲಿನ ಡೈರಿ. ನಾನು ನೋಡಲು ಬಂದದ್ದು ಅದರ ಹಿಂದಿರುವ ಶಾಲೆಯನ್ನು. ಆದರೆ ಅಲ್ಲಿ ಕಲಿಯಬೇಕಾದವರೆಲ್ಲ ಇನ್ನೂ ಡೈರಿಯ ಸಾಲಿನಲ್ಲೇ ಇದ್ದರು. ಅವರು ಹಾಲು ಹಾಕಿ ಮುಗಿಸುವವರೆಗೆ ಪಾಠ ಶುರುವಾಗದು ಎಂದು ಯಾರೋ ಹೇಳಿದರು. ನಾನೂ ಅಲ್ಲೇ ಜಗಲಿಯ ಅಂಚಿನಲ್ಲಿ ನಿಂತೆ.

ಕ್ಯಾನಿನಿಂದ ಹಾಲು ಸುರಿಯುತ್ತಾರೆ, ಸ್ವಲ್ಪ ಸ್ಯಾಂಪಲ್ ತೆಗೆಯುತ್ತಾರೆ, ಯಂತ್ರ ಒಂದು ಚೀಟಿ ಉಗುಳುತ್ತದೆ. ಅದರಲ್ಲಿ ತಾರೀಖು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ಎಷ್ಟು, ದರ, ಒಟ್ಟು ಮೊತ್ತ ಎಲ್ಲವೂ ಇರುತ್ತವೆ. ಫ್ಯಾಟು ಒಂದಿಷ್ಟು ಇಳಿದರೆ ಲೀಟರಿನ ದರವೂ ಇಳಿಯುತ್ತದೆ. ಚೀಟಿ ಕೈಗೆ ಬಂದಾಗ ಹೆಂಗಸರು ಏನು ಮಾಡುತ್ತಾರೆಂದು ನೋಡುತ್ತಿದ್ದೆ. ಕೆಲವರು ನೋಡದೆಯೇ ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಒಬ್ಬಾಕೆ ಪಕ್ಕದಲ್ಲಿದ್ದ ಹುಡುಗನ ಕೈಗೆ ಕೊಟ್ಟು, ‘ಎಷ್ಟಂತೆ ನೋಡಪ್ಪಾ’ ಎಂದರು. ಇನ್ನೊಬ್ಬರು ಬಲ್ಬಿನ ಕೆಳಗೆ ಹೋಗಿ, ಅಂಕಿಯ ಮೇಲೆ ಬೆರಳಿಟ್ಟು, ತುಟಿಯಲ್ಲೇ ಓದಿಕೊಂಡರು. ಯಾರಿಗೆ ಓದಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಚೀಟಿ ಹಿಡಿದ ಬಗೆಯಲ್ಲೇ ತಿಳಿಯುತ್ತದೆ ಎನಿಸಿತು. ಇದು ನನ್ನ ಊಹೆಯಷ್ಟೇ. ಕಣ್ಣು ಮಂಜಾದವರೂ ಆ ಸಾಲಿನಲ್ಲಿ ಇದ್ದಿರಬಹುದು.

ಹಾಲಿನ ದುಡ್ಡು ಈಗ ಬ್ಯಾಂಕಿಗೆ ಹೋಗುತ್ತದೆ. ಸರ್ಕಾರ ಕೊಡುವ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬೀಳುತ್ತದೆ. ಹಣ ನೇರವಾಗಿ ಖಾತೆಗೆ ಬರುವುದು ಒಳ್ಳೆಯದೇ. ಆದರೆ ಬಂತೋ ಇಲ್ಲವೋ ಎಂಬುದು ಪಾಸ್‌ಬುಕ್ಕಿನ ಒಂದು ಸಾಲಿನಲ್ಲಿದೆ, ಇಲ್ಲವೇ ಮೊಬೈಲಿಗೆ ಬಂದ ಒಂದು ಮೆಸೇಜಿನಲ್ಲಿದೆ. ಓದಲು ಬಾರದವರ ಪಾಲಿಗೆ ಅದು ಇನ್ನೊಬ್ಬರ ಬಾಯಿಂದ ಕೇಳಬೇಕಾದ ಸುದ್ದಿ.

ಡೈರಿಯ ಪಕ್ಕದ ಓಣಿಯಲ್ಲಿ ಸ್ವಲ್ಪ ನಡೆದರೆ ಸರ್ಕಾರಿ ಪ್ರಾಥಮಿಕ ಶಾಲೆ. ಗೇಟಿನಲ್ಲಿ ಬೋರ್ಡೇನೂ ಇರಲಿಲ್ಲ. ಹಗಲು ಮಕ್ಕಳ ಶಾಲೆ, ಸಂಜೆ ದೊಡ್ಡವರದು. ಕೊನೆಯ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅದು ನಲಿಕಲಿ ಕೋಣೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನು ನೇತುಹಾಕಿದ್ದರು. ಮೇಜುಗಳು ದುಂಡಗೆ, ಮೊಣಕಾಲಿನೆತ್ತರ. ಆರೇಳು ವರ್ಷದ ಮಕ್ಕಳಿಗೆಂದು ಮಾಡಿದ ಆ ಮೇಜುಗಳ ಸುತ್ತ ಐವತ್ತು ದಾಟಿದವರು ಕಾಲು ಮಡಚಿ ಕೂರಬೇಕು. ಮಂಡಿ ನೋವಿನವರು ಗೋಡೆಗೊರಗಿ, ಕಾಲು ಚಾಚಿ, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡಿದ್ದರು.

ಗೋಡೆಯ ಮೇಲೆ ಬರೆದಿದ್ದು ‘ಅ ಆ ಇ ಈ’ ಅಲ್ಲ, ‘ರ ಗ ಸ ದ ಅ’. ಕೆಳಗಿನ ಸಾಲಿನಲ್ಲಿ ‘ಜ ವ ಮ ಬ ನ’. ಬರೆಯಲು ಹಗುರ, ತಿರುವುಗಳು ಒಂದನ್ನೊಂದು ಹೋಲುತ್ತವೆ ಎಂದು ಈ ಕ್ರಮ. ಮೊದಲ ಐದು ಅಕ್ಷರ ಬಂದರೆ ಸಾಕು, ‘ಅರಸ’, ‘ಸರ’, ‘ಗರಗಸ’ ಎಂದು ಪದ ಕಟ್ಟಬಹುದು. ದಿನವಿಡೀ ಕಳೆ ಕಿತ್ತು ಬಂದವರಿಗೆ ಅಂದಂದೇ ಒಂದು ಪದ ಓದಿದ ಸುಖ ಸಿಗಬೇಕು. ಐವತ್ತು ಅಕ್ಷರ ಬಾಯಿಪಾಠ ಆಗುವವರೆಗೆ ಅವರು ಕಾಯುವುದಿಲ್ಲ, ನಾಳೆ ಬರುವುದನ್ನೇ ಬಿಡುತ್ತಾರೆ.

ಕಲಿಸುವಾಕೆ ಅದೇ ಊರಿನ ಡಿಗ್ರಿ ಓದುವ ಹುಡುಗಿ. ಬಾಗಿಲಾಚೆ ಆಕೆಯನ್ನು ‘ಮಗಾ’ ಎಂದು ಕರೆದ ಹಿರಿಯರೇ ಒಳಗೆ ಬಂದು ಕೂತ ಮೇಲೆ ‘ಮಿಸ್’ ಎನ್ನುತ್ತಿದ್ದರು. ಕೋಣೆಯಲ್ಲಿದ್ದ ಗಂಡಸರು ಇಬ್ಬರೋ ಮೂವರೋ, ಅವರೂ ಬಾಗಿಲ ಬಳಿಯೇ. ಗಂಡಸರೆಲ್ಲ ಓದಿದವರೇ ಎಂದುಕೊಳ್ಳುವಂತಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಗಂಡಸರ ಸಾಕ್ಷರತೆ ಶೇಕಡಾ 82.47ರಷ್ಟು, ಹೆಂಗಸರದು ಶೇಕಡಾ 68.08ರಷ್ಟು. ನೂರರಲ್ಲಿ ಹದಿನೇಳೆಂಟು ಗಂಡಸರಿಗೂ ಓದು ಬರಹ ಇರಲಿಲ್ಲ. ಊರೆದುರು ಸ್ಲೇಟು ಹಿಡಿಯಲು ಅವರಿಗೆ ನಾಚಿಕೆ ಇದ್ದಿರಬೇಕು. ಅವರನ್ನು ಕೇಳಬೇಕೆಂದುಕೊಂಡೆ, ಮನಸ್ಸು ಬರಲಿಲ್ಲ.

ಪಾಠಕ್ಕೆ ಪುಸ್ತಕದ ಜೊತೆಗೆ ಮನೆಯ ಸಾಮಾನುಗಳೂ ಇದ್ದವು. ಒಬ್ಬರು ಮಾತ್ರೆಯ ಶೀಟು ತಂದಿದ್ದರು, ಒಬ್ಬರು ಗೊಬ್ಬರದ ಚೀಲದ ತುಂಡು. ಒಂದು ಕೀಟನಾಶಕದ ಲೇಬಲ್ಲನ್ನು ರಟ್ಟಿಗೆ ಅಂಟಿಸಿ ಇಟ್ಟಿದ್ದರು. ಅದರ ಮೂಲೆಯಲ್ಲಿ ವಜ್ರಾಕಾರದ ಗುರುತು, ಗುರುತಿನ ಕೆಳ ಅರ್ಧಕ್ಕೆ ಬಣ್ಣ. ಕೆಂಪಾದರೆ ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಔಷಧಿ ಹೊಡೆಯುವ ಊರಿನಲ್ಲಿ ಈ ನಾಲ್ಕು ಬಣ್ಣ ಎಲ್ಲರಿಗೂ ಗೊತ್ತಿರಬೇಕಾದ್ದೇ. ಆದರೆ ಎಷ್ಟು ನೀರಿಗೆ ಎಷ್ಟು ಮಿಲಿ, ಹೊಡೆದು ಎಷ್ಟು ದಿನದ ಮೇಲೆ ಕೊಯ್ಯಬೇಕು ಎಂಬುದನ್ನು ಬಣ್ಣ ಹೇಳುವುದಿಲ್ಲ, ಸಣ್ಣ ಅಕ್ಷರ ಹೇಳುತ್ತದೆ. ಆ ಸಣ್ಣ ಅಕ್ಷರ ನನಗೂ ಕಷ್ಟವಾಯಿತು. ಕಂಪನಿಗಳು ಅದನ್ನು ದೊಡ್ಡದಾಗಿ ಅಚ್ಚು ಹಾಕಲೇಬೇಕು.

ನಂತರ ಬೋರ್ಡಿನ ಮೇಲೆ ಒಂದು ಲೆಕ್ಕ ಬಂತು. ನನ್ನ ಮಟ್ಟಿಗೆ ಆ ಸಂಜೆ ಇಡೀ ನೆನಪಿರುವುದು ಅದರಿಂದಲೇ. ‘ಹತ್ತು ಸಾವಿರ ಸಾಲ. ನೂರಕ್ಕೆ ಮೂರು ಬಡ್ಡಿ. ವರ್ಷಕ್ಕೆಷ್ಟು?’ ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ತಿಂಗಳಿಗೆ ಮುನ್ನೂರು ಎಂದರು. ಹನ್ನೆರಡು ಸಲ ಮುನ್ನೂರನ್ನು ಎಲ್ಲರೂ ಸೇರಿ ಕೂಡಿಸಿದರು. ಮೂರು ಸಾವಿರದ ಆರುನೂರು. ಪಕ್ಕದಲ್ಲೇ ಸ್ವಸಹಾಯ ಸಂಘದ ಸಾಲವನ್ನು ನೂರಕ್ಕೆ ಒಂದರಂತೆ ಹಾಕಿದಾಗ ಸಾವಿರದ ಇನ್ನೂರು. ನಡುವೆ ಎರಡು ಸಾವಿರದ ನಾನೂರು. ಬಡ್ಡಿ ಹೆಚ್ಚೆಂದು ಇವರಿಗೆ ಮೊದಲೇ ಗೊತ್ತಿತ್ತು, ಅದನ್ನು ಯಾರೂ ಕಲಿಸಬೇಕಿರಲಿಲ್ಲ. ವರ್ಷಕ್ಕೆ ಎಷ್ಟು ಹೆಚ್ಚು ಎಂಬ ಅಂಕಿ ಕಣ್ಣೆದುರು ಬಿದ್ದದ್ದು ಬೇರೆಯೇ. ಹಿಂದಿನ ಸಾಲಿನಿಂದ ಒಬ್ಬರು, ‘ಅಯ್ಯೋ, ಮೂರು ವರ್ಷ ಕಟ್ಟಿದೀನಿ ಕಣ್ ಮಿಸ್’ ಎಂದರು.

ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಇನ್ನೊಂದು ಲೆಕ್ಕ ಹಾಕಿದೆ. 2022ರಿಂದ 2027ರವರೆಗೆ ದೇಶದ ವಯಸ್ಕರಿಗೆ ಅಕ್ಷರ ಕಲಿಸುವ ಯೋಜನೆಗೆ ಅಂದಾಜಿಸಿರುವ ವೆಚ್ಚ, ಕೇಂದ್ರದ್ದೂ ರಾಜ್ಯಗಳದ್ದೂ ಸೇರಿ, 1037.90 ಕೋಟಿ ರೂಪಾಯಿ. ಕಲಿಸಬೇಕೆಂದಿರುವುದು 5 ಕೋಟಿ ಜನರಿಗೆ. ಭಾಗಿಸಿದರೆ ಒಬ್ಬರಿಗೆ 208 ರೂಪಾಯಿಯೂ ಬರುವುದಿಲ್ಲ. 2011ರ ಜನಗಣತಿಯ ಪ್ರಕಾರ ಹದಿನೈದು ದಾಟಿದ ಅನಕ್ಷರಸ್ಥರು 25.76 ಕೋಟಿ. ಅವರಲ್ಲಿ 16.68 ಕೋಟಿ ಹೆಂಗಸರು. ಬೋರ್ಡಿನ ಮೇಲೆ ಒಂದೇ ಸಾಲದ ಬಡ್ಡಿಯಲ್ಲಿ ಉಳಿದದ್ದು 2400. ಲೆಕ್ಕ ಕಲಿತವರೆಲ್ಲ ಮಾರನೆಯ ದಿನವೇ ಕೈಸಾಲ ತೀರಿಸುತ್ತಾರೆಂದು ನಾನು ಹೇಳುತ್ತಿಲ್ಲ. ಅವಸರಕ್ಕೆ ದುಡ್ಡು ಬೇಕಾದಾಗ ನೂರಕ್ಕೆ ಮೂರಾದರೂ ತರುತ್ತಾರೆ. ಆದರೂ 208, 2400 ಎಂಬ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಇದಕ್ಕೆ ನಾವು ಖರ್ಚು ಮಾಡುತ್ತಿರುವುದು ತೀರಾ ಕಡಿಮೆ ಎಂದು ನನಗೆ ಅನಿಸುತ್ತದೆ.

ಕಡಿಮೆ ಎಂಬುದು ಕೋಣೆಯಲ್ಲೇ ಕಾಣುತ್ತಿತ್ತು. ಆ ಹುಡುಗಿಗೆ ಸಂಬಳವಿಲ್ಲ. ಯೋಜನೆ ನಿಂತಿರುವುದೇ ಸ್ವಯಂಸೇವಕರ ಮೇಲೆ. 2009ರಿಂದ 2018ರವರೆಗೆ ನಡೆದ ಹಿಂದಿನ ಯೋಜನೆಯಲ್ಲಿ ಪಂಚಾಯಿತಿಗೆ ಇಬ್ಬರು ಪ್ರೇರಕರಿದ್ದರು, ತಿಂಗಳಿಗೆ 2000 ರೂಪಾಯಿ ಗೌರವಧನ. ಅದೇನೂ ದೊಡ್ಡ ಮೊತ್ತವಲ್ಲ, ಆದರೆ ಕೇಳಲು ಒಬ್ಬರಿದ್ದರು. ಪರೀಕ್ಷೆ ಬಂದರೆ ಈ ಮಿಸ್ ಕಾಲೇಜಿನ ಕಡೆಗೆ ಹೋಗಲೇಬೇಕು. ಮದುವೆಯಾದರೆ ಊರನ್ನೇ ಬಿಡಬಹುದು. ಆಗ ಟ್ಯೂಬ್‌ಲೈಟ್ ಯಾರು ಹಾಕುತ್ತಾರೋ ನನಗೆ ತಿಳಿಯಲಿಲ್ಲ.

ಪಕ್ಕದ ಕೋಣೆಗೆ ಹೋದೆ. ಅಲ್ಲೊಂದು ಕಬ್ಬಿಣದ ಬೀರು. ಪ್ರೈಮರುಗಳು, ಹಳೆಯ ಮಾದರಿ ಪ್ರಶ್ನೆಪತ್ರಿಕೆಗಳು. ಓದು, ಬರಹ, ಲೆಕ್ಕ, ತಲಾ 50 ಅಂಕ, ಒಟ್ಟು 150. ಪಾಸಾದರೆ ಪ್ರಮಾಣಪತ್ರ. ಅದರ ಮುಂದೆ? ಬೀರುವಿನಲ್ಲಿ ಹುಡುಕಿದರೆ ಹೊಸದಾಗಿ ಓದು ಕಲಿತ ದೊಡ್ಡವರು ಓದಬಹುದಾದದ್ದು ಒಂದೆರಡು ಕಿರುಪುಸ್ತಕ ಮಾತ್ರ. ಉಳಿದದ್ದು ಮಕ್ಕಳ ಕಥೆ. ದೊಡ್ಡ ಅಕ್ಷರದಲ್ಲಿ, ದೊಡ್ಡವರ ವಿಷಯ ಬರೆದದ್ದು ಬೇಕು. ರಾಸುಗಳ ಕೆಚ್ಚಲು ಬಾವು, ಪಹಣಿ, ಪಿಂಚಣಿ ಅರ್ಜಿ, ಒಂದು ಒಳ್ಳೆಯ ಕೊಲೆಯ ಕಥೆಯಾದರೂ ಸರಿ. ಮೈಸೂರು ಸೀಮೆಯಲ್ಲಿ ಹಿಂದೆ ಇಂಥವರಿಗೆಂದೇ ‘ಬೆಳಕು’ ಎಂಬ ವಾರಪತ್ರಿಕೆ ಬರುತ್ತಿತ್ತು. ಓದಲು ಏನೂ ಇಲ್ಲದಿದ್ದರೆ ಕಲಿತ ಅಕ್ಷರ ಮರೆಯುತ್ತದೆ, ಉಳಿಯುವುದು ಸಹಿಯೊಂದೇ. ಹೆಬ್ಬೆಟ್ಟಿನಿಂದ ಸಹಿಗೆ ಬಂದವರನ್ನು ಎಣಿಸಿ ಕೆಲಸ ಮುಗಿಯಿತೆನ್ನುವುದು ನಮ್ಮ ದೊಡ್ಡ ತಪ್ಪು ಎಂದು ಬೀರುವಿನ ಮುಂದೆ ನಿಂತಾಗ ಬಲವಾಗಿ ಅನಿಸಿತು.

ಅಮ್ಮಂದಿರು ಕಲಿತರೆ ಮಕ್ಕಳೂ ಓದುತ್ತಾರೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಅಮ್ಮಂದಿರಿಗೆ ತರಗತಿ ನಡೆಸಿ ಅರ್ಥಶಾಸ್ತ್ರಜ್ಞರು ಇದನ್ನು ಅಳೆದು ನೋಡಿದ್ದಾರೆ. ಅಮ್ಮಂದಿರ ಓದು, ಲೆಕ್ಕ ಎರಡೂ ಸುಧಾರಿಸಿದ್ದವು. ಮಕ್ಕಳ ಲೆಕ್ಕದಲ್ಲಿ ಆದ ಗಳಿಕೆ ಸಣ್ಣದು. ಆದರೆ ಮಕ್ಕಳಿಗೆ ಉಪಯೋಗವಾಗುತ್ತದೆ ಎಂಬ ಕಾರಣಕ್ಕೇ ಅಮ್ಮ ಕಲಿಯಬೇಕೆ? ಬಸ್ಸಿನ ಬೋರ್ಡು ಅವರೇ ಓದಿಕೊಂಡು ತವರಿಗೆ ಹೋಗಿ ಬರುವುದು ಸಾಕಷ್ಟು ದೊಡ್ಡ ಕಾರಣ.

ಹೊರಗೆ ಬಂದಾಗ ಜಗಲಿಯ ಮೇಲೆ ಸಂಘದ ಮೀಟಿಂಗು ನಡೆಯುತ್ತಿತ್ತು. ನಡಾವಳಿ ಪುಸ್ತಕ, ನಗದು ಪುಸ್ತಕ, ಸಾಲದ ಖಾತೆ, ಮೂರೂ ಒಬ್ಬರ ಮಡಿಲಲ್ಲಿ. ಮೊದಲು ಇವನ್ನು ಬರೆದುಕೊಡಲು ಹೊರಗಿನವರೊಬ್ಬರು ಬರುತ್ತಿದ್ದರಂತೆ, ಅವರಿಗೆ ತಿಂಗಳಿಗಿಷ್ಟು ಎಂದು ಕೊಡಬೇಕಿತ್ತಂತೆ. ಎಷ್ಟೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಈಗ ಸದಸ್ಯರೇ ಬರೆಯುತ್ತಾರೆ. ಹಳೆಯ ಪುಟಗಳನ್ನು ತಿರುವಿದೆ. ಮೊದಲಿನವು ಒಂದೇ ಕೈಯ ನುಣ್ಣಗಿನ ಬರಹ, ಆಮೇಲಿನವು ಮೂರ್ನಾಲ್ಕು ಕೈಗಳವು, ಸಾಲು ಬಿಟ್ಟು ಇಳಿದು, ಅಲ್ಲಲ್ಲಿ ಹೊಡೆದುಹಾಕಿ.

ಬರೆದವರು ಜೋರಾಗಿ ಓದಿದರು: ಯಾರಿಗೆ ಎಷ್ಟು ಸಾಲ, ಯಾವ ಕಂತು ಬಂತು, ಯಾವುದು ಬಾಕಿ. ನಡುವೆ ಒಬ್ಬರು ತಡೆದರು. ‘ನಂದು ಐನೂರು ಕಟ್ಟಿದೀನಿ ಅಕ್ಕ, ಮುನ್ನೂರು ಅಂತ ಓದ್ತಿದೀಯ.’ ರಸೀದಿ ತೆಗೆದರು. ಇಬ್ಬರು ತಲೆ ಹತ್ತಿರ ಮಾಡಿ ನೋಡಿದರು. ಐನೂರೇ ಇತ್ತು. ಮುನ್ನೂರಕ್ಕೆ ಅಡ್ಡಗೆರೆ ಎಳೆದು, ಮೇಲೆ ಐನೂರು ಬರೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ, ಮುಂದಿನ ಹೆಸರಿಗೆ ಹೋದರು.